ಕರಡಿಮರಿಯ ವಿದ್ಯಾಭ್ಯಾಸ

ಅಲಾಸ್ಕದ ಕರಡಿಗಳ ಮಾತನ್ನು ನಾನು ಈ ಅಂಕಣದಲ್ಲಿ, ಬೇರೆ ಯಾವುದೋ ಪ್ರಸಂಗದ ನಡುವೆ, ಎರಡು ಮೂರು ಸಾರಿ ಎತ್ತಿದ್ದುಂಟು. ಅಂದಿನಿಂದ ನನಗೆ ಬರುತ್ತಿರುವ ಓಲೆಗಳಲ್ಲಿ ಅರ್ಧಕ್ಕರ್ಧ, ಬರೆದವರ ಊರು ವಯಸ್ಸು ವೃತ್ತಿಗಳು ಎಷ್ಟೇ ಭಿನ್ನವಾಗಿದ್ದರೂ, ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತವೆ: ತಾಯಿಕರಡಿಯು ಮರಿಗೆ ಮೀನು ಹಿಡಿಯುವ ವಿದ್ಯೆಯನ್ನು ಯಾವ ಕ್ರಮದಲ್ಲಿ ಕಲಿಸುತ್ತದೆ? ಮೂವತ್ತೈದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಮಹನೀಯರೊಬ್ಬರು, ಮೊದಲು ಸುಲಭವಾದದ್ದು ಆಮೇಲೆ ಕಠಿಣವಾದದ್ದು ಎಂಬ ನಮ್ಮ ಬೋಧನಕ್ರಮವನ್ನೇ ಅದೂ ಅನುಸರಿಸುತ್ತದೆಯೋ ಹೇಗೆ ಎಂದು ವಿಚಾರಿಸಿ, ಉತ್ತರವನ್ನು ವಿಶದವಾಗಿ ಬರೆಯಬೇಕೆಂದು ಅಪ್ಪಣೆ ಮಾಡಿದ್ದಾರೆ. ಅವರಿಗೆ ನಿರಾಶೆಯಾದೀತೆಂಬ ಅಳುಕಿನಿಂದಲೇ ಇಷ್ಟು ದಿನ ಸುಮ್ಮನಿದ್ದೆ. ಎರಡು ಬೇಸಗೆಗಳ ಕಾಲ ಒಂದು ಮರಿಯನ್ನು ಬಿಡದೆ ನೋಡಿ ನಾನು ತಿಳಿದುಕೊಂಡದ್ದೇನೆಂದರೆ, ತಾಯಿ ಅದಕ್ಕೆ ಏನನ್ನೂ ಕಲಿಸುವುದಿಲ್ಲ.

ನೋಡಿ ಎಂದೆನಲ್ಲದೆ ಹೋಗಿ ಎನ್ನಲಿಲ್ಲ. ಅಲಾಸ್ಕಕ್ಕೆ ಹೋಗತಕ್ಕ ವಯಸ್ಸೂ ಹಣವೂ ನನ್ನಲ್ಲಿಲ್ಲ. ಅಲ್ಲಿನ ಕ್ಯಾಟ್ಮೈ ರಾಷ್ಟ್ರೀಯ ಉದ್ಯಾನದೊಳಗೆ ಹರಿಯುವ ಬ್ರೂಕ್ಸ್ ಎಂಬ ನದಿಯ ದಡದಲ್ಲಿ 2012ರಿಂದ ಕ್ಯಾಮೆರಾಗಳನ್ನು ನಿಲ್ಲಿಸಿದ್ದಾರೆ. ಅಲ್ಲಿ ನಡೆಯುವುದು ನಡೆದ ಕ್ಷಣದಲ್ಲಿಯೇ ಲೋಕಕ್ಕೆಲ್ಲ ಕಾಣುತ್ತದೆ. ನಮ್ಮ ಸೊಸೆ ಒಂದು ದಿನ ಅದನ್ನು ನನ್ನ ಮೊಬೈಲಿನಲ್ಲಿ ಹಾಕಿಕೊಟ್ಟಳು, ವೃತ್ತಪತ್ರಿಕೆ ಓದಿ ರಕ್ತದೊತ್ತಡ ಹೆಚ್ಚಿಸಿಕೊಳ್ಳುವುದಕ್ಕಿಂತ ಇದು ಮೇಲೆಂಬ ಅಭಿಪ್ರಾಯದಿಂದ. ನಮ್ಮ ಬೆಳಗಿನ ಆರು ಗಂಟೆಯೆಂದರೆ ಅಲ್ಲಿ ಹಿಂದಿನ ದಿನದ ಸಂಜೆ ನಾಲ್ಕೂವರೆ. ಬೇಸಗೆಯಲ್ಲಿ ಅಲ್ಲಿನ ಹಗಲು ರಾತ್ರಿ ಹತ್ತರವರೆಗೂ ಮುಗಿಯದು. ಹೀಗಾಗಿ ಕಾಫಿ ಲೋಟವನ್ನು ಕೈಯಲ್ಲಿ ಹಿಡಿದು ಕುಳಿತರೆ, ಅಡುಗೆಮನೆಯಿಂದ ತಿಂಡಿಗೆ ಕರೆ ಬರುವವರೆಗೆ, ಭೂಗೋಳದ ಆಚೆಯ ಬದಿಯಲ್ಲಿ ಹರಿಯುವ ನೀರನ್ನೂ ಅದರಲ್ಲಿ ಕಾದು ನಿಂತ ಮೃಗಗಳನ್ನೂ ನೋಡುತ್ತಿರಬಹುದು. ಹೆಚ್ಚಿನ ವೇಳೆ ಅಲ್ಲಿ ಏನೂ ನಡೆಯುವುದಿಲ್ಲ. ಏನೂ ನಡೆಯದಿರುವುದನ್ನು ನೋಡುವ ಅಭ್ಯಾಸ ತಪ್ಪಿಹೋಗಿದ್ದ ನನಗೆ ಅದು ಮರಳಿ ಬಂದದ್ದು ಈ ನದಿಯಿಂದ.

ನದಿಯೆಂದರೆ ಕಾವೇರಿ ಕೃಷ್ಣೆಯರನ್ನು ನೆನೆಯಬೇಡಿ. ಬ್ರೂಕ್ಸ್ ಸರೋವರದಿಂದ ನಾಕ್‌ನೆಕ್ ಸರೋವರಕ್ಕೆ ಇಳಿಯುವ, ಎರಡೂವರೆ ಕಿಲೋಮೀಟರಿಗಿಂತ ಉದ್ದವಿಲ್ಲದ ಒಂದು ಹೊಳೆ. ಅದರ ನಡುವೆ ಆಳೆತ್ತರದ ಒಂದು ಅಬ್ಬಿ. ಜೋಗವನ್ನು ಕಂಡವರು ಅದನ್ನು ಜಲಪಾತವೆಂದು ಕರೆಯಲು ಹಿಂಜರಿದಾರು. ಆದರೆ ಆ ಆರಡಿಯ ಮೆಟ್ಟಿಲೇ ಅಲ್ಲಿನ ಸಮಸ್ತ ವ್ಯವಹಾರಕ್ಕೂ ಮೂಲ. ಬ್ರಿಸ್ಟಲ್ ಕೊಲ್ಲಿಯಿಂದ ನದಿಗಳನ್ನೇರಿ ಬರುವ ಸಾಕ್‌ಐ ಎಂಬ ಜಾತಿಯ ಸಾಲ್ಮನ್ ಮೀನುಗಳ ದಂಡು ಜಗತ್ತಿನಲ್ಲಿಯೇ ದೊಡ್ಡದು. ವರ್ಷಕ್ಕೆ ಕೋಟಿಗಟ್ಟಲೆ ಮೀನುಗಳು ಬರುತ್ತವೆ. ಸರೋವರದ ಸಿಹಿನೀರಿನಲ್ಲಿ ಒಂದೆರಡು ವರ್ಷ ಬೆಳೆದು, ಸಮುದ್ರದಲ್ಲಿ ಎರಡು ಮೂರು ವರ್ಷ ಮೇದು, ಮೊಟ್ಟೆಯಿಡುವ ಕಾಲಕ್ಕೆ ಹುಟ್ಟಿದ ನೀರನ್ನೇ ಹುಡುಕಿಕೊಂಡು ಹಿಂದಿರುಗುವ ಈ ಮೀನು, ಸಿಹಿನೀರನ್ನು ಹೊಕ್ಕ ಮೇಲೆ ಆಹಾರವನ್ನೇ ಮುಟ್ಟದೆ, ಬೆಳ್ಳಿಯ ಮೈಯನ್ನು ಕಡುಗೆಂಪಾಗಿಸಿಕೊಂಡು, ಪ್ರಜೋತ್ಪತ್ತಿಯ ಕಾರ್ಯ ಮುಗಿದೊಡನೆ ಸಾಯುತ್ತದೆ. ಅಬ್ಬಿಯ ಬುಡದಲ್ಲಿ ಅವು ಒಂದು ಗಳಿಗೆ ತಡೆದು ಗುಂಪುಗೂಡಿ ಹಾರಬೇಕು. ಅಲ್ಲಿ ಕರಡಿಗಳು ನಿಂತಿರುತ್ತವೆ.

ನಾನು ಕಣ್ಣಿಟ್ಟ ಮರಿಗೆ ಹೆಸರಿಲ್ಲ. ಅದರ ತಾಯಿಗೆ ಸಂಖ್ಯೆಯೂ ಇದೆ, ಹೆಸರೂ ಇದೆ. ಉದ್ಯಾನದವರು ಗುರುತಿಗೆಂದು ಪ್ರತಿಯೊಂದು ಕರಡಿಗೂ ಒಂದು ಅಂಕಿಯನ್ನು ಕೊಡುತ್ತಾರೆ. ಹೆಸರು ಆಮೇಲೆ ರೂಢಿಯಿಂದ ಅಂಟಿಕೊಳ್ಳುತ್ತದೆ. ಈ ತಾಯಿ 128, ಗ್ರೇಜರ್. ಅದು 2024ರ ಬೇಸಗೆಯಲ್ಲಿ ಎರಡು ಎಳೆಯ ಮರಿಗಳೊಡನೆ ನದಿಗೆ ಬಂದಿತ್ತು. ಅವು ಹುಟ್ಟಿದ್ದು ನಡುಚಳಿಗಾಲದಲ್ಲಿ, ಗವಿಯ ಕತ್ತಲೆಯಲ್ಲಿ, ತಾಯಿ ಅನ್ನನೀರುಗಳನ್ನು ತೊರೆದು ಮಲಗಿದ್ದಾಗ. ಹುಟ್ಟುವಾಗ ಕಣ್ಣು ತೆರೆಯದ ಆ ಜೀವದ ತೂಕ ಅರ್ಧ ಕಿಲೋಗ್ರಾಂ. ನಮ್ಮ ಮನೆಗಳಲ್ಲಿ ಹುಟ್ಟುವ ಕೂಸಿನ ಆರರಲ್ಲೊಂದು ಪಾಲು. ಅಷ್ಟು ದೊಡ್ಡ ಪ್ರಾಣಿಗೆ ಅಷ್ಟು ಚಿಕ್ಕ ಶಿಶುವೇಕೆಂದರೆ, ಬೇಸಗೆಯ ಆರಂಭದಲ್ಲಿ ಆದ ಗರ್ಭವು ಶರತ್ಕಾಲ ಕಳೆಯುವವರೆಗೂ ಬೆಳೆಯದೆ ಹಾಗೆಯೇ ತಡೆದು ನಿಂತಿದ್ದು, ತಾಯಿ ತಕ್ಕಷ್ಟು ಕೊಬ್ಬಿದ್ದರೆ ಮಾತ್ರ ಬೇರೂರಿ ಮುಂದುವರಿಯುತ್ತದೆ, ಮತ್ತು ಬೇರೂರಿದ ಮೇಲೆ ಎರಡೇ ತಿಂಗಳಿಗೆ ಹೆರಿಗೆ. ಆ ವರ್ಷದ ಮೀನು ಸಾಲದಿದ್ದರೆ ಮರಿಯೇ ಇಲ್ಲ. ಆದ್ದರಿಂದ ಪ್ರತಿಯೊಂದು ಕರಡಿಮರಿಯೂ ಅದಕ್ಕೆ ಹಿಂದಿನ ವರ್ಷದ ಸಾಲ್ಮನ್ ಫಸಲಿನ ಲೆಕ್ಕಕ್ಕೆ ಸೇರಿದ್ದು.

ಆ ಜುಲೈ ತಿಂಗಳಲ್ಲಿ ನಡೆದುದನ್ನು ಹಲವರು ಓದಿರಬಹುದು. ಅಬ್ಬಿಯ ನೆತ್ತಿಯಲ್ಲಿ ಗ್ರೇಜರ್ ಮೀನು ಹಿಡಿಯುತ್ತಿದ್ದಾಗ ಅದರ ಮರಿಗಳು ಸೆಳವಿಗೆ ಸಿಕ್ಕಿ ಕೆಳಗೆ ಜಾರಿದುವು. ಕೆಳಗೆ ನಿಂತಿದ್ದ 32ನೆಯ ಸಂಖ್ಯೆಯ ಗಂಡು, ಚಂಕ್ ಎಂಬ ಹೆಸರಿನ, 500 ಕಿಲೋಗ್ರಾಂ ಮೀರಿದ ಆ ಪರ್ವತ, ಅವುಗಳ ಮೇಲೆರಗಿತು. ತನ್ನ ಗಾತ್ರಕ್ಕೂ ಅದರ ಗಾತ್ರಕ್ಕೂ ಇದ್ದ ಅಂತರವನ್ನು ಲೆಕ್ಕಿಸದೆ ತಾಯಿ ಹೋರಾಡಿ ಅದನ್ನು ಓಡಿಸಿತಾದರೂ, ಪೆಟ್ಟು ತಿಂದ ಒಂದು ಮರಿ ಉಳಿಯಲಿಲ್ಲ. ಕಾವಲುಗಾರರು ನೋಡುತ್ತ ನಿಂತರೇಕೆ, ಒಬ್ಬ ಪಶುವೈದ್ಯರನ್ನಾದರೂ ಕರೆಸಬಾರದಿತ್ತೆ ಎಂದು ಆಗ ನನ್ನ ಮನೆಯಲ್ಲಿಯೇ ಆಕ್ಷೇಪ ಎದ್ದಿತ್ತು. ಆ ಉದ್ಯಾನದ ನಿಯಮ ಅದಲ್ಲ. ಕರಡಿಗಳ ಹುಟ್ಟುಸಾವುಗಳಲ್ಲಿ ಮನುಷ್ಯರು ಕೈಹಾಕುವುದಿಲ್ಲ. ಅಂದು ನನಗೆ ನಿಷ್ಠುರವೆಂದು ತೋರಿದ ಆ ನಿಯಮ ಸರಿಯೆಂಬ ಅಭಿಪ್ರಾಯಕ್ಕೆ ನಾನು ನಿಧಾನವಾಗಿ ಬಂದಿದ್ದೇನೆ. ನನ್ನ ಪತ್ನಿ ಇನ್ನೂ ಬಂದಿಲ್ಲ.

ಉಳಿದ ಮರಿಯನ್ನು ನೋಡುವುದು ನನಗೆ ಆ ಮೇಲೆ ಒಂದು ವ್ರತದಂತಾಯಿತು. ಮೊದಲನೆಯ ವರ್ಷದ ಮರಿ ಮೀನು ಹಿಡಿಯುವ ಯತ್ನವನ್ನೇ ಮಾಡುವುದಿಲ್ಲವೆನ್ನಬಹುದು. ತಾಯಿ ನೀರಿನಲ್ಲಿರುವಷ್ಟು ಹೊತ್ತು ಅದು ದಡದಲ್ಲಿ ಕಾಯುತ್ತದೆ; ಭಯವಾದರೆ ಮರ ಹತ್ತುತ್ತದೆ. ಉಗುರು ನೀಳವಾಗಿ ಮೈ ಭಾರವಾದ ದೊಡ್ಡ ಕರಡಿಗಳಿಗೆ ಮರ ಹತ್ತುವುದು ಆಗದ ಕೆಲಸವಾದ್ದರಿಂದ ಮರಿಗೆ ಅದೇ ಕೋಟೆ. ನಮ್ಮ ಕಡೆಯ ಕರಡಿಯ ಬಾಲ್ಯ ಹೀಗಲ್ಲ: ಹಂಪೆಗೆ ಸಮೀಪದ ದರೋಜಿ ಧಾಮದಲ್ಲಿ, ಅರಣ್ಯ ಇಲಾಖೆಯವರು ಬಂಡೆಗಳಿಗೆ ಬಳಿದ ಸಿಹಿಪಾಕವನ್ನು ನೆಕ್ಕಲು ಸಂಜೆ ಇಳಿದುಬರುವ ತಾಯಿಯ ಬೆನ್ನಿನ ಮೇಲೆ, ಜೂಲನ್ನು ಹಿಡಿದು, ಸವಾರರಂತೆ ಕುಳಿತಿರುವ ಮರಿಗಳನ್ನು ನಾನೇ ಕಂಡಿದ್ದೇನೆ. ಅಲಾಸ್ಕದ ಕಂದುಕರಡಿಯ ಮರಿಗೆ ಆ ಸವಾರಿಯ ಭಾಗ್ಯವಿಲ್ಲ. ತಾಯಿ ನಡೆದಷ್ಟೂ ನಡೆಯಬೇಕು, ಈಜಿದಷ್ಟೂ ಈಜಬೇಕು, ತಡವಾದರೆ ಕೂಗಬೇಕು. ಕೂಗಿಗೆ ತಾಯಿ ಪ್ರತಿಸಲವೂ ಓಗೊಡುವುದೆಂಬ ನೆಚ್ಚಿಕೆಯಿಲ್ಲ.

ಹಾಗಾದರೆ ಮರಿ ಬೆಳೆಯುವುದು ಯಾವುದರಿಂದ? ಮೊದಲನೆಯದಾಗಿ ಹಾಲಿನಿಂದ. ಹಸುವಿನ ಹಾಲಿನಲ್ಲಿ ಕೊಬ್ಬು ನೂರಕ್ಕೆ ನಾಲ್ಕು, ಎಮ್ಮೆಯದರಲ್ಲಿ ಏಳು. ಕಂದುಕರಡಿಯ ಹಾಲಿನಲ್ಲಿ ಅದು ಇಪ್ಪತ್ತನ್ನು ದಾಟುತ್ತದೆ. ತಾಯಿ ಹೊಳೆಯಿಂದೆದ್ದು ಬಂದು, ಬೆನ್ನಮೇಲೆ ಒರಗಿ, ಮುಂಗಾಲುಗಳನ್ನು ಚೆಲ್ಲಿ ಬಿದ್ದುಕೊಂಡಾಗ ಮರಿ ಮೇಲೇರಿ ಬಾಯಿಡುತ್ತದೆ. ಹಾಲು ಕುಡಿಯುವಷ್ಟು ಹೊತ್ತೂ ಅದರ ಗಂಟಲಿನಿಂದ ಜೇನುಗೂಡಿನ ಒಳಗಿನಿಂದ ಬರುವಂಥ ಎಡೆಬಿಡದ ಗುಂಯ್‌ಗಾನ ಹೊರಡುತ್ತಿರುತ್ತದೆ. ಅರ್ಧ ಕಿಲೋಗ್ರಾಮಿನಿಂದ ಹೊರಟದ್ದು ಶರತ್ಕಾಲದ ಹೊತ್ತಿಗೆ ಇಪ್ಪತ್ತೈದು ಮೂವತ್ತು ಕಿಲೋಗ್ರಾಮಿಗೆ ಬಂದಿರುತ್ತದೆ. ಮೀನು ಹೇರಳವಾಗಿದ್ದಾಗ ತಾಯಿ ತೊಗಲು, ಮಿದುಳು, ಮೊಟ್ಟೆ ಎಂಬ ಕೊಬ್ಬಿರುವ ಭಾಗಗಳನ್ನಷ್ಟೆ ತಿಂದು ಉಳಿದುದನ್ನು ಕೈಬಿಡುವುದುಂಟು. ಆ ಉಚ್ಛಿಷ್ಟವೂ ಮರಿಯದೇ. ಹಾಗೆಂದು ತಾಯಿ ಅದನ್ನು ಕರೆದು ಬಡಿಸುತ್ತದೆಂದು ಭಾವಿಸಬೇಡಿ. ದಡಕ್ಕೆ ತಂದ ಮೀನನ್ನು ಮರಿ ಕಿತ್ತುಕೊಳ್ಳಲು ಬಂದಾಗ ಗ್ರೇಜರ್ ಗುರುಗುಟ್ಟಿ ಬೆನ್ನು ತಿರುಗಿಸಿದ್ದನ್ನೂ ಕಂಡಿದ್ದೇನೆ, ಪೂರ್ತಿ ಮೀನನ್ನೇ ಬಿಟ್ಟುಕೊಟ್ಟು ಮತ್ತೆ ನೀರಿಗಿಳಿದದ್ದನ್ನೂ ಕಂಡಿದ್ದೇನೆ.

ಎರಡನೆಯ ವರ್ಷ, ಅಂದರೆ 2025ರ ಬೇಸಗೆಯಲ್ಲಿ, ತಾಯಿಯೊಡನೆ ಅದು ಹಿಂದಿರುಗಿದಾಗ ನಾನು ಲೋಟವನ್ನು ಕೆಳಗಿಟ್ಟು ಮನೆಯವರನ್ನೆಲ್ಲ ಕೂಗಿದೆ. ಮೈ ತುಂಬಿತ್ತು, ಕಾಲು ನೀಳವಾಗಿತ್ತು, ಕಿವಿಗಳು ಮಾತ್ರ ಇನ್ನೂ ಮುಖಕ್ಕೆ ದೊಡ್ಡವಾಗಿದ್ದುವು. ಈಗ ಪಾಠ ಆರಂಭವಾದೀತೆಂದು ನಾನೂ ಆ ಉಪಾಧ್ಯಾಯರಂತೆಯೇ ನಿರೀಕ್ಷಿಸಿದೆ. ತಾಯಿ ನೀರಿನಲ್ಲಿ ನಿಂತಿತು, ತನ್ನ ಪಾಡಿಗೆ ತಾನು ಮೀನು ಹಿಡಿಯಿತು, ತಿಂದಿತು, ಮಲಗಿತು. ಹೀಗೆ ಹಿಡಿಯಬೇಕೆಂದು ನಿಧಾನಿಸಿ ತೋರಿಸಲಿಲ್ಲ. ಅರೆಜೀವದ ಮೀನನ್ನು ಮುಂದೆ ಬಿಟ್ಟು, ಹಿಡಿ ನೋಡೋಣ ಎನ್ನಲಿಲ್ಲ. ಮರಿ ತಪ್ಪಿದಾಗ ತಿದ್ದಲಿಲ್ಲ, ಗೆದ್ದಾಗ ಮೆಚ್ಚಲಿಲ್ಲ. ಬೆಕ್ಕು ತನ್ನ ಮರಿಗಳಿಗೆ ಕುಟುಕುಜೀವದ ಇಲಿಯನ್ನು ತಂದುಕೊಡುವುದನ್ನು ಹಿತ್ತಲಲ್ಲಿ ನೋಡಿದ ನನಗೆ ಈ ಔದಾಸೀನ್ಯ ಆಶ್ಚರ್ಯವನ್ನುಂಟುಮಾಡಿತು.

ಆದರೆ ಮರಿ ಸುಮ್ಮನಿರಲಿಲ್ಲ. ಹೊಳೆಯಂಚಿನಲ್ಲಿ ಮೊಣಕಾಲುದ್ದದ ನೀರಿನಲ್ಲಿ ಅದು ಓಡಿತು, ನೆಗೆಯಿತು, ಏಳು ಸಲ ಬಿದ್ದು ಎಂಟನೆಯ ಸಲ ಒಂದು ಕೊರಡನ್ನು ಹಿಡಿಯಿತು. ಓಡಿದರೆ ಮೀನು ಓಡುತ್ತದೆಂಬ ಸಾಮಾನ್ಯ ವಿಷಯ ತಿಳಿಯಲು ಅದಕ್ಕೆ ವಾರಗಳೇ ಬೇಕಾದುವು. ಕೈಗೆ ಮೊದಲು ಸಿಗತಕ್ಕದ್ದು ಸತ್ತು ತೇಲುವ ಮೀನು, ಆಮೇಲೆ ಸಾಯುತ್ತಿರುವ ಮೀನು. ಜುಲೈ ತಿಂಗಳಲ್ಲಿ ಮೀನುಗಳು ಬಲಿಷ್ಠವಾಗಿದ್ದು ಅಬ್ಬಿಯ ಬಳಿ ಜಾಣ ಕರಡಿಗಳಿಗೆ ಮಾತ್ರ ದಕ್ಕುತ್ತವೆ. ಸೆಪ್ಟೆಂಬರಿನಲ್ಲಾದರೋ ಮೊಟ್ಟೆಯಿಟ್ಟು ಬಳಲಿದ ಮೀನುಗಳು ಹೊಳೆಯ ಕೆಳಭಾಗದ ನಿಂತ ನೀರಿನಲ್ಲಿ ತೇಲಿಬರುತ್ತವೆ, ಅವನ್ನು ಹಿಡಿಯಲು ವಿದ್ಯೆ ಬೇಡ. ಸುಲಭದಿಂದ ಕಠಿಣಕ್ಕೆ ಎಂಬ ಕ್ರಮ ಇಲ್ಲಿಯೂ ಇದೆ, ಗುರುಗಳೆ. ಆದರೆ ಅದನ್ನು ಏರ್ಪಡಿಸಿದ್ದು ತಾಯಿಯಲ್ಲ, ಮೀನಿನ ಸಾವು.

ತಾಯಿಯಿಂದ ಮರಿಗೆ ಏನೂ ದಾಟುವುದೇ ಇಲ್ಲವೆಂದು ಇದರ ಅರ್ಥವಲ್ಲ. ಬ್ರೂಕ್ಸ್ ನದಿಯಲ್ಲಿ ಮೀನು ಹಿಡಿಯುವ ಪದ್ಧತಿ ಒಂದೇ ಅಲ್ಲ. ಅಬ್ಬಿಯ ನೆತ್ತಿಯ ಮೇಲೆ ನಿಂತು, ಹಾರಿದ ಮೀನನ್ನು ಗಾಳಿಯಲ್ಲಿಯೇ ಬಾಯಿಂದ ಕಚ್ಚುವುದು ಒಂದು. ನೊರೆಯೇಳುವ ಮಡುವಿನಲ್ಲಿ ಕುಳಿತು, ಮೈಗೆ ತಾಕಿದ ಮೀನನ್ನು ಪಂಜದಿಂದ ನೆಲಕ್ಕೊತ್ತುವುದು ಇನ್ನೊಂದು. ಮುಖವನ್ನು ನೀರಿನಲ್ಲಿ ಮುಳುಗಿಸಿ ತಳವನ್ನು ನೋಡುತ್ತ ಈಜುವುದು, ಅಟ್ಟಿಸಿಕೊಂಡು ಹೋಗುವುದು, ಬಲವಿದ್ದರೆ ಇತರರದನ್ನು ಕಸಿಯುವುದು, ಬಲವಿಲ್ಲದಿದ್ದರೆ ಪಕ್ಕದಲ್ಲಿ ನಿಂತು ಯಾಚಿಸುವುದು ಬೇರೆ ಕೆಲವು. ಒಂದೊಂದು ಕರಡಿಗೂ ತನ್ನದೇ ಆದ ಠಾವು, ತನ್ನದೇ ಆದ ರೀತಿ. ಓಟಿಸ್ ಎಂದು ಹೆಸರಾಗಿದ್ದ 480ನೆಯ ವೃದ್ಧ ಗಂಡು, ಹಲ್ಲು ಸವೆದ ಮುದಿತನದಲ್ಲಿಯೂ ಒಂದೇ ಕಡೆ ಗಂಟೆಗಟ್ಟಲೆ ಅಲುಗದೆ ಕುಳಿತು, ಎಳೆಯರ ಗದ್ದಲಕ್ಕೆ ತಲೆಯೆತ್ತಿಯೂ ನೋಡದೆ, ಮೀನಿನ ಮೇಲೆ ಮೀನು ಹಿಡಿಯುತ್ತಿತ್ತು. ಚಳಿಗಾಲಕ್ಕೆ ಮೊದಲು ಅತಿ ಚೆನ್ನಾಗಿ ಕೊಬ್ಬಿದ ಕರಡಿ ಯಾವುದೆಂದು ಜನರ ಮತದಿಂದ ಆರಿಸುವ ಒಂದು ವಿನೋದ ಅಲ್ಲಿ 2014ರಿಂದ ನಡೆದುಬಂದಿದೆ. ಅದನ್ನು ನಾಲ್ಕು ಸಾರಿ ಗೆದ್ದದ್ದು ಈ ಸ್ಥಿತಪ್ರಜ್ಞ. 2023, 2024ರಲ್ಲಿ ಗೆದ್ದದ್ದು ನಮ್ಮ ಗ್ರೇಜರ್, ಎರಡನೆಯ ಸಲ ಅಂತಿಮ ಸುತ್ತಿನಲ್ಲಿ ಎದುರಾಳಿಯಾಗಿದ್ದದ್ದು ಅದರ ಮರಿಯನ್ನು ಕೊಂದ ಆ ಚಂಕನೇ. ಮರುವರ್ಷ ದವಡೆ ಮುರಿದುಕೊಂಡೂ ಬೆಳೆದಿದ್ದ ಚಂಕನಿಗೆ ಜನ ಕಿರೀಟವಿಟ್ಟರು. ಆ ಮತದಾನದಲ್ಲಿ ನಾನು ಮತ ಹಾಕಲಿಲ್ಲ, ಮನಸ್ಸು ಬರಲಿಲ್ಲ.

ಮರಿ ತಾಯಿಯಿಂದ ಪಡೆಯುವುದು ಠಾವುಗಳ ಪರಿಚಯವನ್ನು. ಯಾವ ತಿಂಗಳಲ್ಲಿ ಹುಲ್ಲುಗಾವಲಿಗೆ, ಯಾವಾಗ ಹೊಳೆಗೆ, ಯಾವಾಗ ಹಣ್ಣಿನ ಪೊದೆಗಳಿಗೆ. ಯಾವ ಗಂಡು ದೂರದಲ್ಲಿ ಕಂಡರೂ ದಾರಿ ಬಿಡಬೇಕು, ಯಾವುದನ್ನು ಗದರಿಸಬಹುದು. ಇದಾವುದನ್ನೂ ತಾಯಿ ಹೇಳುವುದಿಲ್ಲ, ತನ್ನ ಬದುಕನ್ನು ತಾನು ಬದುಕುತ್ತದೆ. ಹಿಂದೆ ಹಿಂದೆ ಮರಿ ಇರುತ್ತದೆ. ಇರಗೊಡುವುದಷ್ಟೇ ತಾಯಿಯ ಉಪಕಾರ. ಇದು ಸಣ್ಣ ಉಪಕಾರವಲ್ಲವೆಂಬುದಕ್ಕೆ 2014ರ ಒಂದು ಪ್ರಸಂಗ ಸಾಕು. ಆ ವರ್ಷ 402 ಎಂಬ ತಾಯಿ ಒಂದೂವರೆ ವರ್ಷದ ತನ್ನ ಮರಿಯನ್ನು ಅಕಾಲದಲ್ಲಿಯೇ ತೊರೆಯಿತು. ಆ ವಯಸ್ಸಿನ ಒಂಟಿ ಮರಿ ಬಾಳುವುದು ದುಸ್ತರ. ಅಂಥದರಲ್ಲಿ 435, ಹಾಲಿ ಎಂದು ಕರೆಯಲ್ಪಡುವ ಹೊಂಬಣ್ಣದ ಹೆಣ್ಣು, ತನ್ನದೇ ಎಳೆಯ ಮರಿಯೊಂದನ್ನು ಸಾಕುತ್ತಿದ್ದರೂ, ಈ ಪರದೇಶಿಯನ್ನು ತನ್ನ ಬಳಿ ಸೇರಿಸಿಕೊಂಡಿತು. ಕರಡಿಗಳಲ್ಲಿ ಇದು ಅತ್ಯಂತ ವಿರಳ. ಆ ಅನಾಥ ಇಂದು 503 ಎಂಬ ಸಂಖ್ಯೆಯಿಂದ ಆ ನದಿಯಲ್ಲಿ ಎಲ್ಲರೂ ಬಲ್ಲ ಭಾರಿ ಗಂಡು. ಹಾಲಿಯೂ ಅದಕ್ಕೆ ಪಾಠ ಹೇಳಲಿಲ್ಲ, ಓಡಿಸದೆ ಇದ್ದಿತು.

ಮನುಷ್ಯರು ಪಾಠ ಕಲಿಸಿದ ಕರಡಿಯೊಂದನ್ನೂ ನಾನು ನೋಡಿದ್ದೇನೆ. ತುಮಕೂರು ಸೀಮೆಯ ನಮ್ಮ ಹಳ್ಳಿಗೆ, ನಾನು ಏಳೆಂಟು ವರ್ಷದವನಾಗಿದ್ದಾಗ, ಸುಗ್ಗಿ ಮುಗಿದ ಮೇಲೆ ಕರಡಿಯಾಡಿಸುವವನು ಬರುತ್ತಿದ್ದ. ಡುಬುಡುಬು ಎಂಬ ಅವನ ಕೈವಾದ್ಯದ ಸದ್ದಿಗೆ ಮಕ್ಕಳೆಲ್ಲ ಬೀದಿಗೆ ಓಡುತ್ತಿದ್ದೆವು. ಹಗ್ಗ ಜಗ್ಗಿದರೆ ಆ ಕರಡಿ ಹಿಂಗಾಲಮೇಲೆ ನಿಲ್ಲುತ್ತಿತ್ತು, ಕುಣಿಯುತ್ತಿತ್ತು, ಗೌಡರಿಗೆ ಸಲಾಮು ಮಾಡುತ್ತಿತ್ತು. "ಒಂದು ಗಳಿಗೆ ಕೂತ್ಕೊಳ್ಳೊ ಮಗ, ಹೆದರಿಕೆ ಬಿಟ್ಟು ಹೋಗ್ತದೆ" ಎಂದು ನಮ್ಮಮ್ಮ ನನ್ನನ್ನು ಅದರ ಬೆನ್ನಿನ ಮೇಲೆ ಕೂರಿಸಿ, ನಾಲ್ಕಾಣೆ ಕೊಟ್ಟು, ಅದರ ಕೂದಲನ್ನು ತಾಯಿತಕ್ಕೆಂದು ಇಸಿದುಕೊಂಡಳು. ಆ ಕೂದಲಿನ ಒರಟು ನನ್ನ ಅಂಗೈಗೆ ಇನ್ನೂ ನೆನಪಿದೆ. ಹಗ್ಗ ಎಲ್ಲಿಗೆ ಕಟ್ಟಿತ್ತೆಂಬುದನ್ನು ನಾನಂದು ಗಮನಿಸಲಿಲ್ಲ: ಮೂತಿಯನ್ನು ಕಾಯಿಸಿದ ಕಬ್ಬಿಣದಿಂದ ತೂತು ಮಾಡಿ ಅದರಲ್ಲಿ ಪೋಣಿಸಿತ್ತು. ಅಂಥ ಕರಡಿಗಳನ್ನು ಕೆಲವೇ ವಾರಗಳ ಕೂಸುಗಳಾಗಿದ್ದಾಗ ಗವಿಯಿಂದ ತಾಯಿಯ ಮಗ್ಗುಲಿಂದ ಕದ್ದು ತಂದು, ಹಲ್ಲು ಮುರಿದು, ಕೋಲಿನಿಂದ ಆ ಕುಣಿತವನ್ನು ಕಲಿಸುತ್ತಿದ್ದರೆಂಬುದು ತಿಳಿದದ್ದು ಬಹಳ ವರ್ಷಗಳಾದ ಮೇಲೆ. ಆ ವೃತ್ತಿ ಈಗ ನಿಂತಿದೆ. ಬಿಡಿಸಿ ತಂದ ಕರಡಿಗಳಿಗೆ ಬನ್ನೇರುಘಟ್ಟದಲ್ಲಿ ಆಶ್ರಯ ದೊರೆಯಿತು, ಆಡಿಸುತ್ತಿದ್ದ ಬಡವರಿಗೂ ಬೇರೆ ಕಸುಬಿನ ದಾರಿಯನ್ನು ಹುಡುಕಬೇಕಾಯಿತು. ಕೆಲವು ವರ್ಷಗಳ ಕೆಳಗೆ ಬನ್ನೇರುಘಟ್ಟದಲ್ಲಿ ಮುದಿಕರಡಿಯೊಂದು, ಯಾರೂ ಹಗ್ಗ ಹಿಡಿಯದಿದ್ದರೂ, ತಲೆಯನ್ನು ಎಡಕ್ಕೂ ಬಲಕ್ಕೂ ಒಂದೇ ಲಯದಲ್ಲಿ ತೂಗುತ್ತ ನಿಂತಿದ್ದುದನ್ನು ಕಂಡು ನಾನು ಬೇಗನೆ ಹೊರಟುಬಂದೆ.

ಗ್ರೇಜರಿನ ಮರಿಯ ಕಥೆಗೆ ಮರಳೋಣ. ಕಳೆದ ಶರತ್ಕಾಲದ ಕೊನೆಯ ದಿನಗಳಲ್ಲಿ, ಕ್ಯಾಮೆರಾಗಳನ್ನು ನಿಲ್ಲಿಸುವುದಕ್ಕೆ ಮೊದಲು, ನಾನದನ್ನು ನೋಡಿದ್ದು ಹೊಳೆಯ ಕೆಳಭಾಗದ ಮಂದ ನೀರಿನಲ್ಲಿ. ಹೊಟ್ಟೆ ನೆಲಕ್ಕೆ ಜೋತಿತ್ತು. ಬಿಳಿಚಿಕೊಂಡ ಒಂದು ಮುದಿ ಸಾಲ್ಮನ್ ಅದರ ಕಾಲ ಬಳಿಯೇ ಸುಳಿಯುತ್ತಿತ್ತು. ಓಡಲಿಲ್ಲ, ನೆಗೆಯಲಿಲ್ಲ, ತಲೆ ತಗ್ಗಿಸಿ, ನೀರು ತಿಳಿಯಾಗುವವರೆಗೆ ನಿಂತು, ಮೂತಿಯನ್ನು ಮುಳುಗಿಸಿ ಎತ್ತಿತು. ಮೂತಿಯಲ್ಲಿ ಮೀನಿತ್ತು. ತಾಯಿ ಇಪ್ಪತ್ತು ಮಾರು ದೂರದಲ್ಲಿ ಬೆನ್ನು ತಿರುಗಿಸಿ ತನ್ನ ಊಟದಲ್ಲಿ ತೊಡಗಿತ್ತು, ನೋಡಲಿಲ್ಲ.

ಈಗ ಎರಡೂ ಗವಿಯಲ್ಲಿರುವ ಕಾಲ. ಗವಿ ಹೊಗುವಾಗ ಇದ್ದ ಮೈತೂಕದಲ್ಲಿ ಮೂರರಲ್ಲೊಂದು ಪಾಲಿನವರೆಗೂ ಈ ನಿದ್ರೆಯಲ್ಲಿಯೇ ಕರಗುತ್ತದೆ. ಸಾಮಾನ್ಯವಾಗಿ ಈ ಜಾತಿಯ ಮರಿಗಳು ಎರಡೂವರೆ ವರ್ಷ ತಾಯಿಯೊಡನಿರುತ್ತವೆ, ಕೆಲವು ಇನ್ನೊಂದು ವರ್ಷ. ಮೂರನೆಯ ವಸಂತದಲ್ಲಿ ಮೇ ಜೂನ್ ತಿಂಗಳ ಒಂದು ದಿನ, ಗಂಡೊಂದು ಹಿಂಬಾಲಿಸತೊಡಗಿದಾಗ, ಅದುವರೆಗೆ ಯಾರಿಗೂ ಬಿಟ್ಟುಕೊಡದಿದ್ದ ಮರಿಯನ್ನು ತಾಯಿಯೇ ಹಲ್ಲು ಕಿರಿದು ಅಟ್ಟುತ್ತದೆ. ಹಾಗೆ ಅಟ್ಟಿಸಿಕೊಂಡ ಎಳೆಗರಡಿಗಳಿಗೆ ಮುಂದಿನ ಒಂದೆರಡು ವರ್ಷ ಬಹಳ ಕಷ್ಟದವು: ಒಳ್ಳೆಯ ಠಾವುಗಳೆಲ್ಲ ದೊಡ್ಡವರ ವಶದಲ್ಲಿರುತ್ತವೆ, ಹಿಡಿದ ಮೀನನ್ನು ಕಸಿಯುವವರೇ ಸುತ್ತಲೂ.

ನೋಡಬೇಕೆಂಬ ಆಸಕ್ತಿಯುಳ್ಳ ವಾಚಕರಿಗೆ ಒಂದು ಸೂಚನೆ: ಮೀನು ಬರತೊಡಗುವುದು ಜೂನ್ ತಿಂಗಳ ಕೊನೆಯ ವಾರದಲ್ಲಿ. ಅಬ್ಬಿಯ ಕೆಳಗಿನ ಅಂಚಿನಲ್ಲಿ, ದೊಡ್ಡ ಕರಡಿಗಳಿಂದ ದೂರವಾಗಿ, ಮುಖಕ್ಕೆ ಇನ್ನೂ ಸ್ವಲ್ಪ ದೊಡ್ಡದೆನಿಸುವ ಕಿವಿಗಳ ಒಂಟಿ ಕರಡಿಯೇನಾದರೂ ಅಲುಗದೆ ನಿಂತಿರುವುದು ಕಂಡರೆ, ದಯವಿಟ್ಟು ನನಗೊಂದು ಓಲೆ ಬರೆಯಿರಿ.